ಗ್ಯಾರೇಜಿನಲ್ಲಿ ಕೈಕೊಡದ ವ್ಯಾನು

"ನೋಡಿ ಅಕ್ಕಾ, ಕೀ ತಿರುಗಿಸಿದ ಕೂಡಲೇ ಗುರ್ ಅಂತು. ಇದಕ್ಕೆ ನಾನು ಏನಂತ ರಿಪೇರಿ ಮಾಡ್ಲಿ?" ಎಂದ ಮೆಕ್ಯಾನಿಕ್.

ವ್ಯಾನು ತಂದಿದ್ದ ಮನೆಯ ಸೊಸೆಗೆ, ತಾನೇ ಸುಳ್ಳು ಹೇಳಿ ಸಿಕ್ಕಿಬಿದ್ದ ಹಾಗಾಯಿತು. ಬೆಳಿಗ್ಗೆ ಮನೆಯ ಮುಂದೆ ಇದೇ ಹಳೇ ವ್ಯಾನು ಕೊರಡಿನಂತೆ ನಿಂತಿತ್ತು, ಟಿಕ್ ಅನ್ನುವ ಸದ್ದೂ ಇರಲಿಲ್ಲ. ಆಮೇಲೆ ಯಾವಾಗಲೋ ಮನಸ್ಸು ಬಂದಂತೆ ಸ್ಟಾರ್ಟ್ ಆಗಿ, ಗ್ಯಾರೇಜಿನವರೆಗೆ ಮರ್ಯಾದಸ್ಥರ ಹಾಗೆ ಓಡಿಬಂದಿತ್ತು. ಇಲ್ಲಿಗೆ ಬಂದಾಗಲೆಲ್ಲ ಹೀಗೇ. ಬ್ಯಾಟರಿ ಹೊಸದು ಹಾಕಿಸಿಯಾಗಿತ್ತು, ತಂತಿಗಳನ್ನು ಉಜ್ಜಿ ಬಿಗಿಸಿಯಾಗಿತ್ತು, ಸ್ಟಾರ್ಟರ್ ಬಿಚ್ಚಿ ನೋಡಿಯಾಗಿತ್ತು.

ಬೇರೆ ಸಮಯವಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದಳು. ಆದರೆ ಮನೆಯಲ್ಲಿ ನಾದಿನಿ ತುಂಬು ಗರ್ಭಿಣಿ. ಮಗು ಹೊಟ್ಟೆಯಲ್ಲಿ ಅಡ್ಡ ಮಲಗಿತ್ತು. ಆಪರೇಷನ್‌ಗೆ ಗೊತ್ತುಮಾಡಿದ ದಿನಕ್ಕೆ ಮೊದಲೇ ನೋವು ಬಂದರೆ ಒಂದು ಗಳಿಗೆಯೂ ಕಾಯಬೇಡಿ, ತಡವಾದರೆ ಇಬ್ಬರ ಜೀವಕ್ಕೂ ಅಪಾಯ ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮನೆಯ ಗಂಡಸರು ದೂರದ ಊರಿನ ಕೆಲಸದಲ್ಲಿದ್ದರು. ಗಾಡಿ ಓಡಿಸಲು ಬರುತ್ತಿದ್ದುದು ಇವಳೊಬ್ಬಳಿಗೇ.

"ಮುಂದಿನ ಸಲ ಕೈಕೊಟ್ರೆ ಗಾಬರಿಯಲ್ಲಿ ತಿರುಗಿಸ್ತಾನೇ ಇರಬೇಡಿ," ಎಂದ ಮೆಕ್ಯಾನಿಕ್. "ಒಂದೇ ಸಲ ತಿರುಗಿಸಿ, ಮೀಟರಿನ ಕೆಂಪು ದೀಪ ನೋಡಿ. ಮಂಕಾಗುತ್ತಾ, ಪೂರ್ತಿ ಆರುತ್ತಾ, ಹಾಗೇ ಇರುತ್ತಾ? ಅಷ್ಟು ಹೇಳಿ ಸಾಕು."

"ಆ ಹೊತ್ತಲ್ಲಿ ಅದನ್ನೆಲ್ಲ ಯಾರು ನೋಡ್ತಾರೆ?"

"ನೀವು ನೋಡ್ತೀರಿ. ನನ್ನ ಸ್ಪ್ಯಾನರ್ ಎಲ್ಲಿಟ್ಟೆ ಅಂತ ನನಗಿಂತ ನಿಮಗೇ ಚೆನ್ನಾಗಿ ಗೊತ್ತಿರುತ್ತೆ."

ಅವನು ಕೊಟ್ಟ ವ್ಯಾನಿನ ಕೀಯನ್ನು ಅವಳು, ಕೀಗೊಂಚಲಿನ ರಿಂಗನ್ನು ನಾಣ್ಯದ ಅಂಚಿನಿಂದ ಅಗಲಿಸಿ, ಮತ್ತೆ ಅದಕ್ಕೆ ಸೇರಿಸಿದಳು. ಗೊಂಚಲು ಅತ್ತೆಯದು. ಮುಂಬಾಗಿಲು, ಹಿತ್ತಲು, ಗೇಟು, ಟ್ರಂಕು, ಯಾವ ಬೀಗದ್ದೆಂದು ಯಾರಿಗೂ ನೆನಪಿಲ್ಲದ ಹಿತ್ತಾಳೆಯದೊಂದು, ಎಲ್ಲ ಅದರಲ್ಲೇ. ಬಿಡಿ ಕೀ ಕಳೆದುಹೋಗುತ್ತದೆ, ಗೊಂಚಲು ಕಳೆಯುವುದಿಲ್ಲ ಎಂಬುದು ಅತ್ತೆಯ ವಾದ. ಆದರೆ ಮನೆಯ ಕೀಗಳನ್ನು ಹೊರಗಿನವರ ಕೈಗೆ ಕೊಡುವುದುಂಟೇ? ಅದಕ್ಕೇ ಗ್ಯಾರೇಜಿನ ಬಾಗಿಲಲ್ಲಿ ವ್ಯಾನಿನ ಕೀಯೊಂದನ್ನೇ ಬಿಡಿಸುವುದು, ಹೊರಡುವಾಗ ಸೇರಿಸುವುದು.

ಮರುದಿನ ಮಧ್ಯಾಹ್ನ ನಾದಿನಿ ಅಡುಗೆಮನೆಯ ಕಟ್ಟೆ ಹಿಡಿದು ನಿಂತವಳು, "ಅತ್ತಿಗೆ, ಶುರುವಾಯ್ತು ಅನ್ಸುತ್ತೆ," ಎಂದಳು. ದನಿ ಮೆಲ್ಲಗಿತ್ತು, ಬೆರಳುಗಳು ಬೆಳ್ಳಗಾಗಿದ್ದವು.

ಆಂಬುಲೆನ್ಸಿಗೆ ಫೋನು ಮಾಡಿದರೆ ಅದು ಇನ್ನೆಲ್ಲೋ ಹೋಗಿತ್ತು. ನಾದಿನಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದರು. ಅತ್ತೆ ಮುಂದೆ ಕುಳಿತರು.

ಕೀ ತಿರುಗಿಸಿದಳು. ಸದ್ದಿಲ್ಲ.

"ದೊಡ್ಡಮ್ಮ ಮುನಿಸಿಕೊಂಡ್ಲಾ?" ಹಿಂದಿನಿಂದ ನಾದಿನಿ ಕೇಳಿದಳು. ವ್ಯಾನಿಗೆ ಆ ಹೆಸರಿಟ್ಟವಳು ಅವಳೇ.

"ಮತ್ತೆ ತಿರುಗಿಸೇ," ಅತ್ತೆ ಅವಸರಪಡಿಸಿದರು.

"ಒಂದು ನಿಮಿಷ ಇರಿ ಅತ್ತೆ."

"ಅವಳ ಸ್ಥಿತಿ ನೋಡಿಯೂ 'ಇರಿ' ಅಂತೀಯಲ್ಲ."

ಆದರೂ ಸೊಸೆ ಕೀಯಿಂದ ಕೈ ತೆಗೆದು ಮೀಟರನ್ನೇ ನೋಡಿದಳು. ಕೆಂಪು ದೀಪ ಮಂಕಾಗಿರಲಿಲ್ಲ, ಪೂರ್ತಿ ಆರಿತ್ತು. ಹಿಂದಿನ ಸೀಟಿನಲ್ಲಿ ನಾದಿನಿ ನರಳಿ ಹೊರಳಿದಳು. ವ್ಯಾನು ಅಲುಗಿತು, ಸ್ಟೇರಿಂಗಿನ ಎಡಕ್ಕೆ ಜೋತಿದ್ದ ಗೊಂಚಲು ತೂಗಿತು, ದೀಪ ಮಿಣುಕಿತು. ಗೊಂಚಲು ನಿಂತಿತು, ದೀಪ ಆರಿತು.

ಗ್ಯಾರೇಜಿನಲ್ಲಿ ಒಂದೇ ಕೀ. ಮನೆಯಲ್ಲಿ ಇಷ್ಟೂ ಭಾರ. ಎಷ್ಟು ವರ್ಷದಿಂದ ಜಗ್ಗಿ ಜಗ್ಗಿ, ಕೀ ಹಾಕುವ ಜಾಗದ ಒಳಗಿನ ಸ್ವಿಚ್ಚು ಸಡಿಲವಾಗಿತ್ತೋ.

ನಾಣ್ಯ ಹುಡುಕುವಷ್ಟು ವ್ಯವಧಾನವಿರಲಿಲ್ಲ. ಉಗುರಿಗೆ ರಿಂಗು ಅಗಲಲಿಲ್ಲ. ಗೊಂಚಲನ್ನು ಎಡ ಅಂಗೈಯಲ್ಲಿ ಎತ್ತಿ ಹಿಡಿದಳು. ದೀಪ ಹತ್ತಿ ನಿಂತಿತು. ಬಲಗೈ ದಾಟಿಸಿ ಕೀ ತಿರುಗಿಸಿದಳು. ಇಂಜಿನ್ ಹತ್ತಿತು. ಗೇರ್ ಹಾಕಲೆಂದು ಎಡಗೈ ಬಿಟ್ಟರೆ ಗಕ್ಕೆಂದು ಮುಗ್ಗರಿಸಿತು.

"ಅತ್ತೆ, ಗೊಂಚಲು ಹಿಡ್ಕೊಳ್ಳಿ. ಹೀಗೇ, ಮೇಲಕ್ಕೆ. ಭಾರ ಬೀಳಕೂಡದು."

"ಬೀಗದ ಕೈಯಿಂದ ಗಾಡಿ ನಿಲ್ಲುತ್ತೇನೇ?"

"ಹಿಡ್ಕೊಳ್ಳಿ, ಆಮೇಲೆ ಬೈಯಿರಿ."

ಅತ್ತೆ ಹಿಡಿದರು. ದಾರಿಯುದ್ದಕ್ಕೂ ಸೊಸೆಯ ಒಂದು ಕಣ್ಣು ರಸ್ತೆಯ ಮೇಲೆ, ಒಂದು ಕಣ್ಣು ದೀಪದ ಮೇಲೆ. ಸೇತುವೆಯ ಹತ್ತಿರ ಚಕ್ರ ಗುಂಡಿಗಿಳಿದಾಗ ಅತ್ತೆಯ ಕೈ ಜಾರಿ ಇಂಜಿನ್ ಕೆಮ್ಮಿತು. ಅವರು ಎರಡೂ ಕೈ ಜೋಡಿಸಿ ಗೊಂಚಲನ್ನು ಮತ್ತೆ ಎತ್ತಿದರು, ಅದು ಸಾವರಿಸಿಕೊಂಡಿತು. ಹಿಂದೆ ನಾದಿನಿಯ ಮಾತು ನಿಂತುಹೋಗಿತ್ತು, ಉಸಿರಾಟವೊಂದೇ ಕೇಳುತ್ತಿತ್ತು. ಯಾರೂ ತಿರುಗಿ ನೋಡುವಂತಿರಲಿಲ್ಲ.

ಆಸ್ಪತ್ರೆಯಲ್ಲಿ ಅವಳನ್ನು ಸ್ಟ್ರೆಚರಿನಲ್ಲಿ ನೇರ ಆಪರೇಷನ್‌ಗೆ ಕರೆದೊಯ್ದರು. ಬಹಳ ಹೊತ್ತಿನ ನಂತರ ನರ್ಸು ಬಂದು, "ಹೆಣ್ಣು ಮಗು. ಇಬ್ಬರೂ ಚೆನ್ನಾಗಿದ್ದಾರೆ. ಇನ್ನು ಸ್ವಲ್ಪ ತಡವಾಗಿದ್ರೆ ಕಷ್ಟವಿತ್ತು," ಎಂದಳು.

ಅತ್ತೆ ಬೆಂಚಿನ ಮೇಲೆ ಕುಳಿತರು. ಅಂಗೈಯಲ್ಲಿ ಕೀಗಳ ಹಲ್ಲಿನ ಗುರುತು ಕೆಂಪಗೆ ಮೂಡಿತ್ತು. ಅದನ್ನು ನೋಡಿ, ಕೈಚೀಲದಲ್ಲಿ ತಡಕಾಡಿ ಒಂದು ನಾಣ್ಯ ತೆಗೆದರು. ಗೊಂಚಲಿನ ರಿಂಗು ಅಗಲಿಸಿ, ವ್ಯಾನಿನ ಕೀಯನ್ನು ಬಿಡಿಸಿ ಸೊಸೆಯ ಮುಂದೆ ಹಿಡಿದರು.

"ತಗೋ. ಕಳೀಬೇಡ."