ಒಂದು ಹನಿಯೂ ಸೋರದ ಡ್ರಮ್ಮು

ನನ್ನ ಗಂಡನದು ಪ್ಲಂಬರ್ ಕೆಲಸ. ಎಲ್ಲಾದರೂ ನಲ್ಲಿ ತೊಟ್ಟಿಕ್ಕುವ ಸದ್ದು ಕೇಳಿದರೆ ಸಾಕು, ಯಾರೋ ಬೈದಷ್ಟು ಅವಮಾನ ಅವರಿಗೆ. ಈ ಗುಣವನ್ನು ಹನ್ನೊಂದು ವರ್ಷ ಮೆಚ್ಚಿಕೊಂಡೇ ಬಂದಿದ್ದೆ. ಈಗ ನೆನೆದರೆ ಮೈಯೆಲ್ಲ ಉರಿಯುತ್ತದೆ.

ಅಪ್ಪನ ಹಿತ್ತಲಿನ ಅಂಜೂರದ ಮರ ರಸ್ತೆ ಅಗಲ ಮಾಡುವಾಗ ಹೋಯಿತು. ಅದಕ್ಕೆ ಎರಡು ತಿಂಗಳ ಮೊದಲೇ ಅಪ್ಪ ಮೂರು ಕೊಂಬೆಗಳ ತೊಗಟೆ ಸುಲಿದು, ಮಣ್ಣು ಮೆತ್ತಿ, ಪ್ಲಾಸ್ಟಿಕ್ ಸುತ್ತಿ, ಬೇರು ಬರಲೆಂದು ಗೂಟಿ ಕಟ್ಟಿದ್ದರು. ಬೇರು ಬಿಟ್ಟಿದ್ದು ಒಂದೇ. ಅದನ್ನು ಅಣ್ಣನಿಗೆ ಕೊಡದೆ ನನಗೆ ಕೊಟ್ಟು, "ನಿನ್ನ ಕೈಲಿ ಬದುಕುತ್ತೆ ಮಗಳೇ" ಎಂದರು. ಅಮ್ಮ ನನಗೆ ಜಡೆ ಹಾಕುತ್ತಿದ್ದುದು ಆ ಮರದ ಕೆಳಗೆ ಕೂತೇ. ಅಮ್ಮನೂ ಇಲ್ಲ, ಮರವೂ ಇಲ್ಲ, ಉಳಿದದ್ದು ಈ ಗಿಡ.

ನಮ್ಮದು ಮಹಡಿಯ ಬಾಡಿಗೆ ಮನೆ. ನೀಲಿ ಡ್ರಮ್ಮೊಂದನ್ನು ಅರ್ಧಕ್ಕೆ ಕೊಯ್ದು, ಕಾದ ಸರಳಿನಿಂದ ತಳಕ್ಕೆ ಐದು ತೂತು ಹಾಕಿ, ಜಲ್ಲಿ ಹರಡಿ, ಮಣ್ಣು, ಗೊಬ್ಬರ, ಮರಳು ಬೆರೆಸಿ ತುಂಬಿದೆ. ಬಾಲ್ಕನಿಯ ಕಂಬಿ ಪಕ್ಕ ಬಿಸಿಲಿಗಿಟ್ಟೆ. ಮೂಲೆಯಲ್ಲಿ ಎರಡು ಖಾಲಿ ಪೇಂಟ್ ಡಬ್ಬಗಳಿಗೂ ತೂತು ಹಾಕಿ ಹಿಪ್ಪುನೇರಳೆ ಕಡ್ಡಿ ಊರಿದೆ. ಮೂರನೆಯ ವಾರಕ್ಕೆ ಅಂಜೂರ ಎರಡು ಎಲೆ ಬಿಟ್ಟಿತು. ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೇ ಹೇಳಿದ್ದು.

ಅಷ್ಟರಲ್ಲಿ ಕೆಳಗಿನ ಮನೆಯ ಯಜಮಾನರು ಮೇಲೆ ಬಂದರು. ಒಗೆದು ಹರವಿದ ಅಂಗಿಯ ಮೇಲೆ ಕೆಸರು ನೀರು ಬಿದ್ದಿತ್ತಂತೆ.

"ಪ್ಲಂಬರ್ ಮನೆಯಿಂದ್ಲೇ ಸೋರಿದ್ರೆ ಹೇಗ್ರೀ?" ಎಂದು ನಕ್ಕು ಹೋದರು. ನನ್ನವರ ಮುಖ ಕಪ್ಪಿಟ್ಟಿತು.

ಮಾರನೆಯ ದಿನದಿಂದ ಒಂದು ಹನಿಯೂ ಕೆಳಗೆ ಬೀಳಲಿಲ್ಲ. ಕೊಟ್ಟಿದ್ದನ್ನೆಲ್ಲ ಗಿಡವೇ ಕುಡಿಯುತ್ತಿದೆ ಎಂದು ನಾನು ಬೀಗಿದೆ. ಎಲೆ ಹಳದಿಯಾಯಿತು. ಮೇಲಿನ ಮಣ್ಣು ಬಿಸಿಲಿಗೆ ಗರಿಗರಿ ಒಣಗಿರುತ್ತಿತ್ತಲ್ಲ, ಪಾಪ, ನೀರು ಸಾಲುತ್ತಿಲ್ಲ ಅಂತ ಒಂದು ಮಗ್ ಹೆಚ್ಚಿಸಿದೆ. ಎಲೆ ಉದುರಿತು. ಇನ್ನೊಂದು ಮಗ್ ಹೆಚ್ಚಿಸಿದೆ. ಗೊಬ್ಬರದಂಗಡಿಯವನು ಕೊಟ್ಟ ಪುಡಿ ಹಾಕಿದೆ, ಕೊನೆಗೆ ಗಿಡಕ್ಕೇ ಬೈದೆ. ಮೂಲೆಯಲ್ಲಿ ಯಾರೂ ತಿರುಗಿ ನೋಡದ ಹಿಪ್ಪುನೇರಳೆ ಮಾತ್ರ ಹುಲುಸಾಗಿ ಬೆಳೆದು ನನ್ನನ್ನು ಅಣಕಿಸುತ್ತಿತ್ತು. ಅಪ್ಪನಿಗೆ "ಚೆನ್ನಾಗಿದೆ" ಎನ್ನುತ್ತಲೇ ಇದ್ದೆ.

ಭಾನುವಾರ ಅಪ್ಪ ಹೇಳದೆ ಕೇಳದೆ ಬಂದರು. ಚಪ್ಪಲಿ ಬಿಟ್ಟವರೇ ನೇರ ಬಾಲ್ಕನಿಗೆ ಹೋದರು. ಬೋಳು ಕಡ್ಡಿಯನ್ನು ನೋಡಿದರು, ನನ್ನನ್ನು ನೋಡಲಿಲ್ಲ. ಮಣ್ಣಿಗೆ ಬೆರಳು ಚುಚ್ಚಿ ಮೂಸಿದರು. ಆಮೇಲೆ ಡ್ರಮ್ಮನ್ನು ವಾಲಿಸಿ ತಳ ತಡವಿದರು.

"ತೂತು ಎಲ್ಲಮ್ಮಾ?"

"ಐದು ಹಾಕಿದೀನಲ್ಲಪ್ಪಾ!"

ಬಗ್ಗಿ ನೋಡಿದೆ. ಐದಕ್ಕೂ ನೀರಿನ ಟ್ಯಾಂಕಿಗೆ ಮೆತ್ತುವ ಅಂಟು, ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಅಷ್ಟು ನೀಟಾಗಿ ಮೆತ್ತುವವರು ಈ ಮನೆಯಲ್ಲಿ ಒಬ್ಬರೇ.

"ಸೋರ್ತಿತ್ತಲ್ಲ, ಅದಕ್ಕೇ ನಿಲ್ಲಿಸ್ದೆ," ಎಂದರು ನನ್ನವರು, ಬಾಗಿಲಲ್ಲಿ ನಿಂತು. "ನಿಂಗೂ ತಲೆನೋವು ತಪ್ಪುತ್ತೆ ಅಂತ."

"ಊರಿನ ಸೋರಿಕೆಯೆಲ್ಲ ಬಿಟ್ಟು ನಿಮಗೆ ಇದೇ ಬೇಕಿತ್ತಾ? ಒಂದು ಮಾತು ಹೇಳ್ಬಾರ್ದಿತ್ತಾ?" ಎಂದು ರೇಗಿದೆ.

ಮುಚ್ಚಿದ್ದು ಅವರು, ದಿನಾ ಮಗ್ ಹಿಡಿದು ಮುಳುಗಿಸಿದ್ದು ನಾನು. ಬಾಯಿ ತುಂಬ ಬೈಯುವ ಹಕ್ಕೂ ಇಲ್ಲವಲ್ಲ ಎಂದು ಇನ್ನಷ್ಟು ಸಿಟ್ಟು ಬಂತು.

ಅಪ್ಪ ಗಿಡ ಕಿತ್ತರು. ಬೇರು ಕಪ್ಪಗೆ ಕೊಳೆತು ನಾರುತ್ತಿತ್ತು. ಚಾಕು ಕೇಳಿ, ತುದಿಯಲ್ಲಿ ಇನ್ನೂ ಹಸಿಯಾಗಿದ್ದ ಒಂದು ಗೇಣು ತುಂಡು ಕೊಯ್ದುಕೊಂಡರು.

"ಉಳಿದಿರೋದು ಇಷ್ಟೇ. ಬಂದ್ರೆ ಬಂತು."

ನನ್ನವರು ಡ್ರಿಲ್ ತಂದು ಡ್ರಮ್ಮಿಗೆ ಹತ್ತು ತೂತು ಕೊರೆದರು. ಹೊಸ ಮಣ್ಣು ತುಂಬಿದೆವು. ಅಪ್ಪ ಕಡ್ಡಿ ಊರಿದರು, ನನ್ನವರು ನೀರು ಹಾಕಿದರು. ನೀರು ಮಣ್ಣಿನಲ್ಲಿ ಇಳಿದು, ತಳದಿಂದ ಹೊರಬಂದು, ಕಂಬಿಯ ಸಂದಿಯಿಂದ ಕೆಳಗೆ ಹೋಯಿತು.

"ರೀ! ಮತ್ತೆ ಸೋರ್ತಿದೆ!" ಕೆಳಗಿನಿಂದ ಯಜಮಾನರ ಕೂಗು.

ನನ್ನವರ ಕೈ ತಾನಾಗಿಯೇ ಜೇಬಿನಲ್ಲಿದ್ದ, ಸೋರುವಲ್ಲಿ ಸುತ್ತುವ ಟೇಪಿಗೆ ಹೋಯಿತು. ಅಪ್ಪನ ಮುಖ ನೋಡಿ ಕೈ ಹಿಂದಕ್ಕೆ ತೆಗೆದರು. ಕಂಬಿಯ ಮೇಲೆ ಬಗ್ಗಿದರು.

"ಹೌದು ಸಾರ್, ಸೋರ್ತಿದೆ. ಇನ್ಮೇಲೂ ಸೋರುತ್ತೆ. ಅಂಗಿ ಸ್ವಲ್ಪ ಆಚೆ ಹಾಕ್ಕೊಳ್ಳಿ."

ನನ್ನ ಸಿಟ್ಟೇನೂ ಇಳಿದಿರಲಿಲ್ಲ. ಆದರೂ ಇನ್ನೊಂದು ಮಗ್ ತುಂಬಿಸಿ ಅವರ ಕೈಗೆ ಕೊಟ್ಟೆ.