ಎಲಚಿ ಮರಕ್ಕೂ ಹಸಿವಾಗುತ್ತದೆ

ಮೇಲುಕೋಟೆ ಬೆಟ್ಟದ ತಪ್ಪಲಲ್ಲಿ ಬೆಟ್ಟಮ್ಮನ ಹೊಲಕ್ಕೂ ಅವಳ ಓರಗಿತ್ತಿ ಪ್ರಮೀಳಾಳ ಹೊಲಕ್ಕೂ ನಡುವೆ ಒಂದೇ ಬದು. ಇಬ್ಬರೂ ಎಲಚಿ ಮರಗಳಲ್ಲಿ ಅರಗಿನ ಹುಳ ಸಾಕುತ್ತಿದ್ದರು. ಕೊಂಬೆಯ ರಸ ಹೀರುವ ಆ ಹುಳ ತನ್ನ ಮೈಸುತ್ತ ಕಟ್ಟಿಕೊಳ್ಳುವ ಅಂಟೇ ಅರಗು. ಜೀವಂತ ಹುಳವಿರುವ ಕೊಂಬೆತುಂಡೇ ಬೀಜದರಗು; ಅದನ್ನು ಮರಕ್ಕೆ ಕಟ್ಟಿದರೆ ಮರಿಹುಳಗಳು ಹೊಸ ಕೊಂಬೆಗೆ ಹರಡುತ್ತವೆ. ಈ ಸಲ ಪ್ರಮೀಳಾಳ ಕೊಂಬೆಗಳಲ್ಲಿ ಅರಗು ದಪ್ಪಗೆ ಕಟ್ಟಿತ್ತು. ಬೆಟ್ಟಮ್ಮನ ಮರದಲ್ಲಿ ಅಲ್ಲೊಂದು ಇಲ್ಲೊಂದು ಚುಕ್ಕೆ.

“ಪ್ರಮೀಳಾನ ಮರ ನೋಡಮ್ಮಿ, ಎಂಗ್ ತುಂಬ್ಕಂಡದೆ!” ಎಂದ ಗಂಡ ನಾಗರಾಜು.

ಬೆಟ್ಟಮ್ಮ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ಒಳ್ಳೆ ಬೀಜದರಗು ತಾನ್ ಮಡಿಕಂಡು, ಜೊಳ್ಳು ನಮ್ಗೆ ಕೊಟ್ಟವ್ಳೆ.”

“ಇಬ್ರೂ ಒಂದೇ ಕಟ್ಟಿಂದ ತಗಂಡ್ರಲ್ಲ? ನಮ್ ಮರಕ್ಕೆ ಗೊಬ್ಬರ ಸಾಲ್ದೇನೋ.”

“ಎಲಚಿ ಮರಕ್ಕೆ ಯಾರಾರ ಗೊಬ್ಬರ ಆಕ್ತಾರಾ? ಸುಮ್ಕಿರು.”

ಬಾಯಲ್ಲಿ ಹಾಗೆಂದಳೇ ಹೊರತು ಮನಸ್ಸು ಕೇಳಲಿಲ್ಲ. ಗಂಡನ ಕಣ್ಣು ತಪ್ಪಿಸಿ, ರಾಗಿಗೆ ತಂದು ಮಿಕ್ಕಿದ್ದ ಯೂರಿಯಾವನ್ನೆಲ್ಲ ಮರದ ಬುಡಕ್ಕೇ ಸುರಿದು ಒಂದು ಕೊಡ ನೀರು ಹುಯ್ದಳು. ಎಲೆಗಳು ಅಂಚು ಸುಟ್ಟು ಉದುರತೊಡಗಿದವು. ಇದ್ದ ಹುಳವೂ ಒಣಗಿತು. ಬದುವಿನಾಚೆ ಪ್ರಮೀಳಾ ನಕ್ಕರೆ ತನ್ನನ್ನೇ ಆಡಿಕೊಂಡಂತೆ ಕೇಳಿಸುತ್ತಿತ್ತು.

ಒಂದು ಮಧ್ಯಾಹ್ನ ಕುಡುಗೋಲು ಹಿಡಿದು ಬದು ದಾಟಿದಳು. ತನಗಿಲ್ಲದ್ದು ಅವಳಿಗೂ ಬೇಡ! ಮರದ ಕೆಳಗೆ ಹೆಜ್ಜೆ ಇಟ್ಟೊಡನೆ ಪಾದ ಮೆತ್ತಗೆ ಹೂತುಕೊಂಡಿತು. ತರಗೆಲೆ ಸರಿಸಿ ನೋಡಿದಳು. ಮಣ್ಣು ಕಪ್ಪಗೆ, ತಣ್ಣಗಿತ್ತು; ಎರೆಹುಳು ಹೊರಳುತ್ತಿತ್ತು. ತನ್ನ ಮರದ ಕೆಳಗೋ, ನೆಲ ಹಂಚಿನಷ್ಟು ಗಟ್ಟಿ.

“ಕೊಂಬೆ ಕಡಿಯಕ್ ಬಂದ್ಯಾ, ಅಕ್ಕ?” ಹಿಂದೆ ಪ್ರಮೀಳಾ ನಿಂತಿದ್ದಳು.

ಬೆಟ್ಟಮ್ಮನ ಕಣ್ಣು ತುಂಬಿತು. “ಊಂ ಕಣಮ್ಮಿ. ನಿನ್ ಮರ ಕಂಡ್ರೆ ಒಟ್ಟೆ ಉರ್ದೋಯ್ತದೆ. ಈ ಮಣ್ಗೆ ಏನಾಕಿದ್ದೀಯೆ?”

ಪ್ರಮೀಳಾ ಮೊದಲು ಕುಡುಗೋಲು ಕಿತ್ತುಕೊಂಡಳು. ಕೋಪದಲ್ಲೇ ಅದನ್ನು ಬದುವಿನ ಮೇಲೆ ಎಸೆದು, ಆಮೇಲೆ ಬಗ್ಗಿ ಒಂದು ಹಿಡಿ ಮಣ್ಣೆತ್ತಿ ತೋರಿಸಿದಳು.

“ಉಳ ರಸ ಕುಡೀತದೆ, ನಾವು ಕೊಂಬೇನೇ ಕುಯ್ಕಂಡ್ ಓಯ್ತೀವಿ. ಮಣ್ಗೆ ವಾಪಸ್ ಏನ್ ಕೊಟ್ಟೆ ನೀನು? ಅರಗು ಕುಯ್ದು ಕೊಂಬೆ ಸವರಿದ್ ಮ್ಯಾಕೆ, ಮಳೆ ಬಿದ್ದು ನೆಲ ನೆಂದಾಗ, ಬುಡ ಬುಟ್ಟು ನೆರಳಿನ ಅಂಚಿಗೆ ಸುತ್ತ ಪಾತಿ ತೋಡು. ಚೆನ್ನಾಗ್ ಕೊಳ್ತಿರೋ ಕೊಟ್ಟಿಗೆ ಗೊಬ್ಬರ ಆಕಿ ಮುಚ್ಚು, ಮ್ಯಾಲೆ ತರಗು ಅರಡು.”

“ಯೂರಿಯಾ?”

“ಮಣ್ ಪರೀಕ್ಷೆ ಮಾಡ್ಸಿ ಅವ್ರು ಯೋಳ್ದಷ್ಟೇಯ. ಈ ವರ್ಸ ಆ ಮರಕ್ಕೆ ಉಳ ಕಟ್ಬ್ಯಾಡ, ಸುಧಾರಿಸ್ಕಳ್ಳಿ.”

ಮುಂಗಾರು ಬಿದ್ದಾಗ ಗಂಡ ಹೆಂಡತಿ ಗೊಬ್ಬರದ ಮಂಕರಿ ಹೊತ್ತರು. ಮರ ಚಿಗುರಿತು. ಅದರ ಮುಂದಿನ ವರ್ಷ ಬೀಜದರಗು ಕಟ್ಟಿದರು. ಕೊಂಬೆ ಕೊಂಬೆಗೂ ಅರಗು ತುಂಬಿತು. ಪ್ರಮೀಳಾ ಬಂದು ಬಹಳ ಹೊತ್ತು ದಿಟ್ಟಿಸಿದಳು.

“ಈಗ ನಂಗೇ ವಸಿ ಉರೀತದೆ ಕಣಕ್ಕ,” ಎಂದಳು. ಬೆಟ್ಟಮ್ಮ ನಕ್ಕುಬಿಟ್ಟಳು.

ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಅರಗಿನ ಮರದ ಕೆಳಗಿನ ಮಣ್ಣನ್ನು ಇವತ್ತೇ ಮುಟ್ಟಿ ನೋಡಿ. ಗಟ್ಟಿಯಾಗಿದ್ದರೆ ಮುಂದಿನ ಮಳೆಗೆ ಕೊಟ್ಟಿಗೆ ಗೊಬ್ಬರ ಕೂಡಿಡಿ. ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ಮಣ್ಣು ಪರೀಕ್ಷೆಯ ಬಗ್ಗೆ ವಿಚಾರಿಸಿ. ಪಕ್ಕದ ಹೊಲದ ಫಸಲು ಕಂಡು ಹೊಟ್ಟೆ ಉರಿದರೆ, ಬದು ದಾಟಿ ಹೋಗಿ ಕೇಳಿಬಿಡಿ. ಕುಡುಗೋಲು ಮನೆಯಲ್ಲೇ ಬಿಟ್ಟು, ಬರಿಗೈಯಲ್ಲಿ ಹೋಗಿ.