ಆರು ಸಾವಿರ ಬಾವುಟಗಳ ಗಾಳಿ

ದರ್ಜಿಗಳ ಆ ಓಣಿಗೆ ಒಂದೇ ಹೆಮ್ಮೆ: ಇಪ್ಪತ್ತೈದು ವರ್ಷಗಳಲ್ಲಿ ಅವರ ಓಟು ಒಮ್ಮೆಯೂ ಹಾಳಾಗಿರಲಿಲ್ಲ. ಹಾಳಾಗುವುದೆಂದರೆ ಸೋತವರಿಗೆ ಬೀಳುವುದು. ಯಾರು ಯೋಗ್ಯರು, ಯಾರು ಏನು ಮಾಡುತ್ತಾರೆ ಎಂಬ ತಲೆಹರಟೆಯನ್ನು ಅವರು ಇಟ್ಟುಕೊಂಡಿರಲಿಲ್ಲ. ಗೆಲ್ಲುವವರು ಯಾರೆಂದು ಮೊದಲೇ ಪತ್ತೆ ಹಚ್ಚಿ, ನೂರೈವತ್ತು ಮಂದಿಯೂ ಅಲ್ಲಿಗೇ ಒತ್ತಿ, ಫಲಿತಾಂಶದ ದಿನ ‘ನಾವು ಗೆದ್ವಿ’ ಎಂದು ಎದೆಯುಬ್ಬಿಸುವುದು ಪದ್ಧತಿ.

ಪತ್ತೆ ಹಚ್ಚುವ ವಿದ್ಯೆಯೂ ಅವರದೇ. ಎಲ್ಲ ಪಕ್ಷಗಳ ಬಾವುಟಗಳೂ ಆ ಓಣಿಯಲ್ಲೇ ಹೊಲಿಗೆಯಾಗುತ್ತಿದ್ದವು. ಯಾರ ಬಾವುಟ ಹೆಚ್ಚೋ ಅವರದೇ ಗಾಳಿ. ಆರ್ಡರು ಹಿಡಿದು ಎಲ್ಲರಿಗೂ ಹಂಚುತ್ತಿದ್ದ ಹಿರಿಯನಿಗೆ ‘ದೊಡ್ಡ ಕತ್ತರಿ’ ಎಂಬ ಹೆಸರು. ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಿಂದ ಅವನು ಅಂಗಡಿಯ ಬಾಗಿಲ ಮೇಲೆ ಸಂಖ್ಯೆ ಬರೆದರೆ, ಅಲ್ಲಿಗೆ ಓಣಿಯ ರಾಜಕೀಯ ಚಿಂತನೆ ಮುಗಿಯಿತು.

ಈ ಸಲ ಬಾಗಿಲು ಹೇಳಿದ್ದು ಇಷ್ಟು: ಬುಗುರಿ ಪಕ್ಷ ಆರು ಸಾವಿರ, ಬಾಚಣಿಗೆ ಪಕ್ಷ ನಾಲ್ಕು ಸಾವಿರ.

“ಇದು ಗಾಳಿ ಅಲ್ಲ, ಬಿರುಗಾಳಿ,” ಎಂದ ಕಾಲರ್ ಹೊಲಿಯುವವ, ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

ಆ ಬಿರುಗಾಳಿಯನ್ನು ನಂಬದವಳು ಕಾಜಾ ಅಕ್ಕ ಒಬ್ಬಳೇ. ದೊಡ್ಡ ಕತ್ತರಿಯ ತೀರಿಕೊಂಡ ತಮ್ಮನ ಹೆಂಡತಿ. ಇಡೀ ಓಣಿಯ ಅಂಗಿಗಳಿಗೆ ಗುಂಡಿಯ ಕಾಜಾ ಹೊಲಿಯುವವಳು. ಓಣಿಯ ಬಾಯಲ್ಲೇ ಅವಳ ಆರಡಿ ಅಂಗಡಿ. ಒಳಗೆ ಒಂದು ಯಂತ್ರ, ಒಂದು ಸ್ಟೂಲು, ಅವಳು. ನಾಲ್ಕನೆಯದಕ್ಕೆ ಜಾಗವಿಲ್ಲ. ಬುಗುರಿಯ ಕರಪತ್ರವನ್ನು ಮೂರನೆಯ ಸಾಲಿನವರೆಗೆ ಓದಿದ್ದವಳೂ ಅವಳೊಬ್ಬಳೇ. ಹದಿನೆಂಟು ಅಡಿಯ ಓಣಿಯನ್ನು ನಲವತ್ತು ಅಡಿಯ ರಸ್ತೆ ಮಾಡುತ್ತೇವೆ ಎಂದಿತ್ತು ಅದರಲ್ಲಿ. ಬಾಚಣಿಗೆಯ ಅಭ್ಯರ್ಥಿ, ನಿವೃತ್ತ ನರ್ಸು, ಒಂದು ಇಟ್ಟಿಗೆ ಮುಟ್ಟಲೂ ಬಿಡುವುದಿಲ್ಲವೆಂದು ಬರೆದುಕೊಟ್ಟಿದ್ದರು.

ಅವಳು ನೇರ ಬಾಗಿಲ ಮುಂದೆ ಹೋಗಿ ನಿಂತಳು. “ಭಾವ, ಆರು ಸಾವಿರ ಎಲ್ಲಿಂದ ಬಂತು? ಮೊದಲನೇ ಮೂರು ಸಾವಿರ ಬಣ್ಣ ಬಿಟ್ಟು ವಾಪಸ್ ಬಂತಲ್ಲ? ಒಂದು ಮಳೆಗೆ ಬುಗುರಿ ಟೊಮೇಟೊ ಆಗಿತ್ತು. ಆಮೇಲೆ ಅದೇ ಮೂರು ಸಾವಿರಾನ ಮತ್ತೆ ಹೊಲಿದು ಕೊಟ್ವಿ. ಎರಡು ಸಲಾನೂ ಕೋಲು ತೂರಿಸೋ ಅಂಚು ಹೊಲಿದೋಳು ನಾನೇ.”

ಬಣ್ಣ ಬಿಡುವ ಆ ಬಟ್ಟೆಯನ್ನು ಆರಿಸಿದವನು ದೊಡ್ಡ ಕತ್ತರಿಯೇ. ಮಾನ ಉಳಿಸಿಕೊಳ್ಳಲು ವಾಪಸ್ ಬಂದ ಮೂಟೆಗಳನ್ನು ಮೆಟ್ಟಿಲ ಕೆಳಗೆ ತುರುಕಿ, ಸಂಖ್ಯೆಯನ್ನು ಮಾತ್ರ ಹಾಗೆಯೇ ಬಿಟ್ಟಿದ್ದ. ಮೂರನೆಯ ದಿನಕ್ಕೆ ಅದನ್ನು ತಾನೇ ನಂಬಿಬಿಟ್ಟಿದ್ದ.

“ಹೊಲಿದದ್ದು ಎಷ್ಟು? ಆರು ಸಾವಿರ. ಬರೆದದ್ದು? ಆರು ಸಾವಿರ. ಇದರಲ್ಲಿ ಸುಳ್ಳೆಲ್ಲಿ ಬಂತಮ್ಮ?”

“ಗಾಳಿ ಎಲ್ಲಿ ಬಂತು ಅಂತ ಕೇಳ್ತಿದೀನಿ. ರಸ್ತೆ ಅಗಲ ಮಾಡಿದ್ರೆ ಮೊದಲು ನನ್ನ ಅಂಗಡಿ ಹೋಗುತ್ತೆ, ಆಮೇಲೆ ನಿಮ್ಮದು.”

“ಗೆದ್ದೋರ ಕಡೆ ಇದ್ರೆ ನಮ್ಮನ್ನ ಯಾರು ಮುಟ್ತಾರೆ?”

“ಅಲ್ಲಕ್ಕ,” ಕಾಲರ್‌ನವನು ಪಿನ್ನು ಉಗುಳಿದ, “ಸೋಲೋರಿಗೆ ಓಟು ಹಾಕಿ ನಾಳೆ ಗಿರಾಕಿ ಮುಖ ಹೆಂಗೆ ನೋಡೋದು?”

“ಗಿರಾಕಿ ಮುಖ ನೋಡೋಕೆ ಅಂಗಡಿ ಅಂತ ಒಂದು ಇರ್ಬೇಕಲ್ಲೋ.”

ಎಲ್ಲರೂ ನಕ್ಕರು. ಓಣಿಯಲ್ಲಿ ಮಾತಿಗೆ ಸಿಗುತ್ತಿದ್ದ ಗರಿಷ್ಠ ಮರ್ಯಾದೆ ಅದು. ಆಮೇಲೆ ಅವಳು ಮನೆಮನೆ ಹತ್ತಿಳಿದಳು. ಪ್ರತಿಯೊಬ್ಬರೂ ‘ನೀನು ಹೇಳೋದು ನೂರಕ್ಕೆ ನೂರು ಸರಿ’ ಎಂದು ತಲೆಯಾಡಿಸಿದರು. ಆಡಿಸಿದ ತಲೆಗಳನ್ನು ಹೊತ್ತುಕೊಂಡೇ ಹೋಗಿ ಹೆಚ್ಚಿನವರು ಬುಗುರಿಗೆ ಒತ್ತಿ ಬಂದರು.

ಎಣಿಸಿ ನೋಡಿದರೆ ಬಿರುಗಾಳಿ ಹಾಗಿರಲಿ, ಎಲೆಯೂ ಅಲುಗಾಡಿರಲಿಲ್ಲ. ಬೇರೆ ಎಲ್ಲ ಬೀದಿಗಳಲ್ಲೂ ಬುಗುರಿ ಮಣ್ಣು ಮುಕ್ಕಿತ್ತು. ಕೊನೆಗೆ ತೆರೆದದ್ದು ದರ್ಜಿ ಓಣಿಯ ಮತಗಟ್ಟೆ: ಬುಗುರಿಗೆ ನೂರ ನಲವತ್ತೊಂದು, ಬಾಚಣಿಗೆಗೆ ಒಂಬತ್ತು. ಬುಗುರಿ ಅರವತ್ತೊಂದು ಓಟುಗಳಿಂದ ಗೆದ್ದಿತು.

ತಾವೇ ಗೆಲ್ಲಿಸಿದೆವೆಂದು ಓಣಿಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ತಾವು ಹೇಳಿದ ಭವಿಷ್ಯ ನಿಜವಾಯಿತೆಂದೇ ಕುಣಿದರು. “ನೋಡಿದ್ಯಾ? ಬಾಗಿಲು ಯಾವತ್ತಾದ್ರೂ ಸುಳ್ಳು ಹೇಳಿದ್ಯಾ?” ಎಂದು ದೊಡ್ಡ ಕತ್ತರಿ ಹೋದವರನ್ನು ಬಂದವರನ್ನೆಲ್ಲ ಕೇಳಿದ. ಆ ಒಂಬತ್ತು ದ್ರೋಹಿಗಳು ಯಾರೆಂಬ ತನಿಖೆ ಎರಡು ವಾರ ನಡೆಯಿತು.

ಮೂರನೆಯ ವಾರ ಎಂಜಿನಿಯರ್ ಟೇಪು ಹಿಡಿದು ಬಂದ. ಕಾಜಾ ಅಕ್ಕನ ಅಂಗಡಿಯಲ್ಲಿ ಅಳೆಯುವ ಕೆಲಸವೇ ಬೀಳಲಿಲ್ಲ. ಇಡೀ ಗೋಡೆಗೆ ಕೆಂಪು ಅಡ್ಡಗೆರೆ ಎಳೆದ. ದೊಡ್ಡ ಕತ್ತರಿಯ ಅಂಗಡಿಯಲ್ಲಿ ಗೆರೆ ಬಟ್ಟೆ ಕತ್ತರಿಸುವ ಮೇಜಿನ ನಡುವೆ ಹಾದುಹೋಯಿತು.

ದೊಡ್ಡ ಕತ್ತರಿ ಇಸ್ತ್ರಿ ಅಂಗಿ ತೊಟ್ಟು ಗೆದ್ದವನ ಮನೆಗೆ ಓಡಿದ. ಗೆದ್ದವನು ಅವನ ಎರಡೂ ಕೈ ಹಿಡಿದು ಗದ್ಗದಿತನಾದ. “ಯಜಮಾನ್ರೇ, ನಾನು ಗೆದ್ದಿದ್ದೇ ನಿಮ್ಮ ಓಣಿಯಿಂದ. ಋಣ ಮರೀತೀನಾ? ಅದಕ್ಕೇ ಮೊದಲನೇ ಕೆಲಸ ನಿಮ್ಮ ರಸ್ತೆದೇ ಹಿಡಿದಿದೀನಿ.”

ಸೋಮವಾರ ಬೆಳಿಗ್ಗೆ ಕಾಜಾ ಅಕ್ಕ ಯಂತ್ರವನ್ನು ಮನೆಯ ಅಡುಗೆಕೋಣೆಗೆ ಸಾಗಿಸಬೇಕಿತ್ತು. ಕೆಲಸ ಎಷ್ಟು ಉಳಿಯುತ್ತದೋ ಗೊತ್ತಿರಲಿಲ್ಲ. ಒಂದು ಅಂಗಿಯ ಕಾಜಾಕ್ಕೆಂದು ಮೂರು ಮಹಡಿ ಹತ್ತುವವರು ಕಡಿಮೆ. ಒಂದು ಕಡೆ ಅವಳು ಹಿಡಿದಳು, ಇನ್ನೊಂದು ಕಡೆ ದೊಡ್ಡ ಕತ್ತರಿ. ಎರಡನೆಯ ಮಹಡಿಯ ತಿರುವಿನಲ್ಲಿ ಅವನು ಏದುಸಿರು ಬಿಡುತ್ತ ನಿಂತ.

“ಏನೇ ಹೇಳಮ್ಮ, ನಮ್ಮ ಓಟು ಮಾತ್ರ ಹಾಳಾಗ್ಲಿಲ್ಲ.”

“ಇಲ್ಲ ಭಾವ,” ಎಂದಳು ಅವಳು. “ನಿಮ್ಮ ಕಡೆ ಸ್ವಲ್ಪ ಎತ್ತಿ, ಪೂರ್ತಿ ಭಾರ ನನ್ನ ಮೇಲೇ ಬರ್ತಿದೆ.”